ಕೂಗಳತೆಯಲ್ಲಿ ಇರಬೇಕಾದ ಕೈಗಳು

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ನನಗೆ ಗೊತ್ತಿರುವ ಒಬ್ಬ ಡೈ ಮೇಕರ್, ಅಂದರೆ ಪ್ಲಾಸ್ಟಿಕ್ ಸಾಮಾನಿಗೆ ಸ್ಟೀಲಿನ ಅಚ್ಚು (ಮೋಲ್ಡ್) ಮಾಡುವವರು, ಇದ್ದಾರೆ. ಹೆಚ್ಚುಕಮ್ಮಿ ಅರವತ್ತು ವಯಸ್ಸು. ನಾನು ಅಣ್ಣ ಅಂತಲೇ ಕರೆಯುತ್ತೇನೆ. ಆರು ವರ್ಷದ ಹಿಂದೆ ನಮ್ಮ ಬೋರ್‌ವೆಲ್ ಮೋಟಾರ್ ಕಂಟ್ರೋಲರ್‌ಗೆ ಒಂದು ಪ್ಲಾಸ್ಟಿಕ್ ಡಬ್ಬಿ ಮಾಡಿಸಬೇಕಿತ್ತು. ತೋಟದಲ್ಲಿ ಸ್ಟಾರ್ಟರ್ ಪಕ್ಕ ಕೂರುವ ಡಬ್ಬಿ. ನಡುರಾತ್ರಿ ತ್ರೀ ಫೇಸ್ ಕರೆಂಟ್ ಬಂದರೆ ರೈತರು ಕತ್ತಲಲ್ಲಿ ಎದ್ದು ಹೋಗಬೇಕಿಲ್ಲ, ಫೋನಿನಿಂದಲೇ ಮೋಟಾರ್ ಹಾಕಬಹುದು. ಕಂಪ್ಯೂಟರ್‌ನಲ್ಲಿ ಡ್ರಾಯಿಂಗ್ ಮಾಡಿ, ಪ್ರಿಂಟ್ ತೆಗೆದುಕೊಂಡು ಅವರ ಶೆಡ್‌ಗೆ ಹೋದೆ. ಅಣ್ಣ ಕನ್ನಡಕವನ್ನು ಹಣೆಗೆ ಏರಿಸಿ, ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಅರ್ಧ ನಿಮಿಷ ನೋಡಿದರು.

"ಸಾರ್, ಇದು ಮೋಲ್ಡಿಂದ ಆಚೆ ಬರಲ್ಲ. ಗೋಡೆ ನೆಟ್ಟಗೆ ನಿಲ್ಲಿಸಿಬಿಟ್ಟಿದ್ದೀರ. ಒಂದು ಡಿಗ್ರಿ ಟೇಪರ್ ಕೊಡಿ, ಗೋಡೆ ಸ್ವಲ್ಪ ಓರೆ ಮಾಡಿ, ತಾನಾಗೇ ಬೀಳತ್ತೆ."

ಆಮೇಲೆ ಸ್ಕ್ರೂ ಕೂರುವ ಕಂಬದ ಮೇಲೆ ಬೆರಳಿಟ್ಟರು. "ಇಲ್ಲಿ ಇಷ್ಟು ದಪ್ಪ ಬೇಡ. ಪ್ಲಾಸ್ಟಿಕ್ ಆರೋವಾಗ ಆಚೆ ಕಡೆ ಗುಳಿ ಬೀಳತ್ತೆ."

ಎರಡೂ ಮಾತು ನಿಜ. ಸ್ಟೀಲ್ ಕಡಿದ ಮೇಲೆ ಈ ತಪ್ಪು ಗೊತ್ತಾಗಿದ್ದರೆ ಮೋಲ್ಡಿಗೆ ಹಾಕಿದ ದುಡ್ಡೆಲ್ಲ ನೀರುಪಾಲು. ನಮ್ಮ ಆಫೀಸ್ ಅಲ್ಲಿಂದ ಸ್ಕೂಟರ್‌ನಲ್ಲಿ ಇಪ್ಪತ್ತೈದು ನಿಮಿಷ. ಹೋಗಿ ತಿದ್ದಿ, ಸಂಜೆ ಮತ್ತೆ ಅವರ ಮುಂದೆ ನಿಂತೆ.

ಒಂದು ಊರು ಹಾರ್ಡ್‌ವೇರ್ ಊರು ಆಗುವುದು ಹೇಗೆ ಅಂತ ಯಾರಾದರೂ ಕೇಳಿದರೆ ನನಗೆ ಆ ದಿನವೇ ನೆನಪಾಗುತ್ತದೆ. ಬೆಳಗ್ಗೆ ಮಾಡಿದ ತಪ್ಪು ಸಂಜೆಯೊಳಗೆ ಸರಿಯಾಗಬೇಕು. ಅದಕ್ಕೆ ಬೇಕಾದ ಕೈಗಳು ಕೂಗಳತೆಯಲ್ಲಿ ಇರಬೇಕು. ಸಾಫ್ಟ್‌ವೇರ್‌ನಲ್ಲಿ ತಪ್ಪಾದರೆ ಕೂತಲ್ಲೇ ತಿದ್ದಬಹುದು. ನಮ್ಮದು ಹಾಗಲ್ಲ. ಸರ್ಕ್ಯೂಟ್ ಬೋರ್ಡ್ ಮತ್ತೆ ಮಾಡಿಸಬೇಕು, ಡಬ್ಬಿ ಮತ್ತೆ ಅಚ್ಚು ಹಾಕಬೇಕು, ಸ್ಪ್ರಿಂಗ್ ಬೇರೆ ಸುತ್ತಿಸಬೇಕು. ಒಂದೊಂದಕ್ಕೂ ಮೂರು ವಾರ ಕಾಯುವ ಊರಿನಲ್ಲಿ ವರ್ಷಕ್ಕೆ ಹತ್ತು ಸಲ ಪ್ರಯತ್ನ ಮಾಡುವುದೂ ಕಷ್ಟ. ಎರಡೇ ದಿನದಲ್ಲಿ ಸಿಗುವ ಊರಿನಲ್ಲಿ ನೂರು ಸಲ ಮಾಡಬಹುದು. ಹೊಸದು ಹುಟ್ಟುವುದು ಆ ನೂರರಲ್ಲಿ.

2018ರಲ್ಲಿ ಚೀನಾದ ಶೆನ್‌ಜೆನ್‌ಗೆ ಹೋಗಿದ್ದೆ. ಹತ್ತು ದಿನ ಇದ್ದೆ. ಹುವಾಚಿಯಾಂಗ್‌ಬೇ ಅಂತ ಒಂದು ಬೀದಿ. ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಬಿಡಿಭಾಗ ಮಾರುವ ನಮ್ಮ ಎಸ್‌ಪಿ ರೋಡನ್ನು ಹತ್ತು ಮಹಡಿ ಎತ್ತರಕ್ಕೆ ಜೋಡಿಸಿ, ಅಂಥ ಕಟ್ಟಡಗಳನ್ನು ಸಾಲಾಗಿ ನಿಲ್ಲಿಸಿದರೆ ಹೇಗಿರುತ್ತದೋ ಹಾಗೆ. ಮಂಚದಷ್ಟು ಅಗಲದ ಒಂದು ಅಂಗಡಿಯಲ್ಲಿ ಬರೀ ಕನೆಕ್ಟರ್. ಪಕ್ಕದಲ್ಲಿ ಬರೀ ಕಪಾಸಿಟರ್ ರೀಲ್. ಅದರಾಚೆ ಒಂದು ಹೆಂಗಸು ಮಗುವಿಗೆ ಊಟ ಮಾಡಿಸುತ್ತಾ ಎಲ್‌ಇಡಿ ಮಾರುತ್ತಿದ್ದರು. ನಾನು ತೋರಿಸಿದ ಕನೆಕ್ಟರ್ ಅವರಲ್ಲಿರಲಿಲ್ಲ. ಎದ್ದು ಎರಡು ಸಾಲು ದಾಟಿ ಯಾರಿಂದಲೋ ತಂದು ಕೈಗಿಟ್ಟರು. ಬೋರ್ಡಿನ ಫೈಲ್ ಇವತ್ತು ಕೊಟ್ಟರೆ ನಾಳೆ ಬೋರ್ಡ್ ಕೈಗೆ ಬರುತ್ತದೆ ಅಂದರು. ಬಂತು ಕೂಡ.

ಆ ಊರು 1980ರಲ್ಲಿ ವಿಶೇಷ ಆರ್ಥಿಕ ವಲಯ ಆಯಿತು. ಮೊದಮೊದಲು ಪಕ್ಕದ ಹಾಂಗ್‌ಕಾಂಗ್‌ನವರು ಬಂದು ಅಗ್ಗದ ಕೂಲಿಗೆ ಸಾಮಾನು ಜೋಡಿಸುವ ಫ್ಯಾಕ್ಟರಿ ಹಾಕಿದರು. ಅಷ್ಟೇ ಆಗಿದ್ದರೆ ಅದು ಕೂಲಿ ಊರಾಗಿಯೇ ಉಳಿಯುತ್ತಿತ್ತು. ಆದರೆ ಜೋಡಿಸುವ ಕೆಲಸ ಕಲಿತವನು ಆಚೆ ಬಂದು ಪಕ್ಕದ ಬೀದಿಯಲ್ಲೇ ತನ್ನದೊಂದು ಶುರು ಮಾಡಬಹುದಿತ್ತು. ಸ್ಕ್ರೂ ಮಾಡುವವನು, ಮೋಲ್ಡ್ ಮಾಡುವವನು, ಕೇಬಲ್ ಕತ್ತರಿಸುವವನು ಎಲ್ಲ ಅಲ್ಲೇ ಇದ್ದರು. 2008ರ ಸುಮಾರಿಗೆ ನಮ್ಮೂರ ಸಂತೆಗಳಿಗೆ ಬಂದಿದ್ದ ಚೈನಾ ಸೆಟ್ ನೆನಪಿದೆ ಅಲ್ವಾ? ಎರಡು ಸಿಮ್, ಟಾರ್ಚ್, ಜಾತ್ರೆಗೆ ಸಾಕಾಗುವಷ್ಟು ಜೋರಾದ ಸ್ಪೀಕರ್. ಜನ ಅದನ್ನು ನಕಲಿ ಅಂತ ತಳ್ಳಿಹಾಕಿದರು. ನನಗೆ ಆ ಸೆಟ್ ಮೇಲೆ ಗೌರವ ಇದೆ. ಸಣ್ಣ ಸಣ್ಣ ತಂಡಗಳು ಒಂದೇ ಥರದ ಬೋರ್ಡ್ ಇಟ್ಟುಕೊಂಡು, ಹಳ್ಳಿಯವನಿಗೆ ಏನು ಬೇಕು ಅಂತ ನೋಡಿ ನೋಡಿ ಮಾಡಿದ ಸಾಮಾನು ಅದು. ಡ್ರೋನ್ ಮಾಡುವ ಡಿಜೆಐ 2006ರಲ್ಲಿ ಶುರುವಾದದ್ದೂ ಅದೇ ಊರಿನಲ್ಲಿ.

ಹಾಗಾದರೆ ಬೆಂಗಳೂರಿಗೆ ಆ ಕೈಗಳು ಇರಲಿಲ್ಲವೇ? ಇದ್ದವು. ಶೆನ್‌ಜೆನ್ ಇನ್ನೂ ಮೀನುಗಾರರ, ರೈತರ ಊರಾಗಿದ್ದಾಗಲೇ ಇದ್ದವು. 1940ರಲ್ಲಿ ಎಚ್‌ಎಎಲ್ ಬಂತು. 1948ರಲ್ಲಿ ಟೆಲಿಫೋನ್ ಮಾಡುತ್ತಿದ್ದ ದೂರವಾಣಿ ನಗರದ ಐಟಿಐ, 1953ರಲ್ಲಿ ಯಂತ್ರ ಮಾಡುತ್ತಿದ್ದ ಎಚ್‌ಎಂಟಿ, 1954ರಲ್ಲಿ ಎಲೆಕ್ಟ್ರಾನಿಕ್ಸ್‌ನ ಬಿಇಎಲ್. ಆಡುಗೋಡಿಯಲ್ಲಿ ಎಂಜಿನ್ ಬಿಡಿಭಾಗ ಮಾಡುತ್ತಿದ್ದ ಮೈಕೋ. ಇವು ಏನೇನು ತಯಾರಿಸಿದವು ಅನ್ನುವುದನ್ನೇ ನಾವು ಜಾಸ್ತಿ ಹೇಳುತ್ತೇವೆ. ಅವು ತಯಾರಿಸಿದ ಜನರ ಬಗ್ಗೆ ಯಾರೂ ಮಾತಾಡಲ್ಲ. ಹದಿನೆಂಟರ ಹುಡುಗರನ್ನು ಅಪ್ರೆಂಟಿಸ್ ಅಂತ ಸೇರಿಸಿಕೊಂಡು, ತಿಂಗಳುಗಟ್ಟಲೆ ಬರೀ ಅರ ಉಜ್ಜಿಸುತ್ತಿದ್ದರು. ಒಂದು ಕಬ್ಬಿಣದ ತುಂಡನ್ನು ಎಲ್ಲ ಕಡೆಯೂ ಮೂಲೆಮಟ್ಟಕ್ಕೆ ತರುವ ತನಕ ಲೇತ್ ಮುಟ್ಟುವ ಹಾಗಿಲ್ಲ. ನಮ್ಮ ಅಣ್ಣ ಹಾಗೆ ಕಲಿತವರು. ಹಾಗೆ ಕಲಿತವರಲ್ಲಿ ಎಷ್ಟೋ ಜನ ಆಮೇಲೆ ಪೀಣ್ಯ, ರಾಜಾಜಿನಗರದಲ್ಲಿ ಒಂದೊಂದು ಶೆಡ್ ಹಿಡಿದು, ಅದೇ ಕಾರ್ಖಾನೆಗಳಿಗೆ ಜಾಬ್ ವರ್ಕ್ ಮಾಡಿಕೊಡುತ್ತಾ ಬೆಳೆದರು.

ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ಪೀಣ್ಯದ ಶೆಡ್‌ಗಳಲ್ಲಿ. ನಮ್ಮ ಉಡುಪಿ ಕಡೆಯ ಯು.ಆರ್. ರಾವ್ ಅವರ ಮುಂದಾಳತ್ವ. 360 ಕಿಲೋ ತೂಕ. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್‌ನಲ್ಲಿ ಮೇಲಕ್ಕೆ ಹೋಯಿತು. ಅವತ್ತು ಪೀಣ್ಯದಲ್ಲಿ ದೊಡ್ಡ ಕಟ್ಟಡ ಇರಲಿಲ್ಲ. ಸುತ್ತಲೂ ಕೆಲಸ ಗೊತ್ತಿದ್ದ ಊರು ಇತ್ತು. ಆ ಶೆಡ್‌ಗಳ ಕಥೆಯನ್ನು ಮಕ್ಕಳ ಪಠ್ಯದಲ್ಲಿ ಇನ್ನಷ್ಟು ವಿವರವಾಗಿ ಹೇಳಬೇಕು ಅಂತ ನನಗೆ ಬಹಳ ಆಸೆ.

1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಅಲ್ಲಿಂದ ಚಿಪ್ ಡಿಸೈನ್ ಕೆಲಸ ಬೆಳೆಯಿತು. ಇವತ್ತು ಜಗತ್ತಿನ ಎಷ್ಟೋ ಚಿಪ್‌ಗಳ ಲೆಕ್ಕಾಚಾರ ಇಲ್ಲಿ ಕೂತು ಆಗುತ್ತದೆ. ಹೆಮ್ಮೆಯ ವಿಷಯವೇ. ಆದರೆ ಡಿಸೈನ್ ಮಾಡುವವರಿಗೂ ಪೀಣ್ಯಕ್ಕೂ ನಂಟು ಬೆಳೆಯಲಿಲ್ಲ. ರಿಂಗ್ ರೋಡಿನ ಗಾಜಿನ ಕಟ್ಟಡದಲ್ಲಿರುವ ಹುಡುಗನಿಗೆ ಅಣ್ಣನ ಶೆಡ್ ಎಲ್ಲಿದೆ ಗೊತ್ತಿಲ್ಲ. ಅಣ್ಣನಿಗೆ ಆ ಹುಡುಗ ಏನು ಮಾಡುತ್ತಾನೆ ಗೊತ್ತಿಲ್ಲ. ಒಂದೇ ಊರಿನಲ್ಲಿದ್ದೂ ಎರಡು ಊರು. ನಾನು ಸಹ ಐದು ಬೋರ್ಡ್ ಬೇಕಾದರೆ ಶೆನ್‌ಜೆನ್‌ಗೇ ಫೈಲ್ ಕಳಿಸುತ್ತೇನೆ. ಐದೇ ಐದು ಬೋರ್ಡ್ ಅಂದರೆ ಇಲ್ಲಿ ಕೇಳುವ ರೇಟು ಕೊಟ್ಟು ಪೂರೈಸುವುದಿಲ್ಲ. ಪ್ರತಿ ಸಲ ಕಳಿಸುವಾಗಲೂ ಮನಸ್ಸಿಗೆ ಬೇಜಾರಾಗುತ್ತದೆ.

ಈಗ ದೇವನಹಳ್ಳಿಯಲ್ಲಿ ಐಫೋನ್ ಜೋಡಿಸುವ ದೊಡ್ಡ ಫ್ಯಾಕ್ಟರಿ ಬಂದಿದೆ. ಸಾವಿರಾರು ಹೆಣ್ಣುಮಕ್ಕಳಿಗೆ ಕೆಲಸ ಸಿಗುತ್ತದೆ, ಖಂಡಿತ ಬೇಕು. (ಐಫೋನ್ ಜೋಡಣೆ ನಮ್ಮ ರಾಜ್ಯದಲ್ಲಿ ಮೊದಲು ಶುರುವಾದದ್ದೂ ಪೀಣ್ಯದಲ್ಲೇ, 2017ರಲ್ಲಿ. ಇದು ಬಹಳ ಜನಕ್ಕೆ ಗೊತ್ತಿಲ್ಲ.) ಶೆನ್‌ಜೆನ್ ಕೂಡ ಜೋಡಣೆಯಿಂದಲೇ ಶುರುವಾದದ್ದು, ಹಾಗಾಗಿ ನಾನು ಅದನ್ನು ಕೀಳು ಮಾಡಲ್ಲ. ನನ್ನ ಪ್ರಶ್ನೆ ಬೇರೆ. ಅಲ್ಲಿ ಐದು ವರ್ಷ ಕೆಲಸ ಮಾಡಿದ ಹುಡುಗಿ ನಾಳೆ ತಾನೇ ಏನಾದರೂ ಮಾಡುತ್ತೇನೆ ಅಂತ ಆಚೆ ಬಂದರೆ ಅವಳಿಗೆ ಶೆಡ್ ಎಲ್ಲಿದೆ? ಐವತ್ತೇ ಡಬ್ಬಿ ಅಚ್ಚು ಹಾಕಿಕೊಡುವವರು ಯಾರಿದ್ದಾರೆ?

ದೊಡ್ಡ ಕಂಪನಿಗೆ ಜಾಗ, ನೀರು, ರಿಯಾಯಿತಿ ಎಲ್ಲ ಕೊಡುವ ಸರ್ಕಾರ ಪೀಣ್ಯದ ಸಣ್ಣ ಶೆಡ್‌ಗಳ ಬಾಡಿಗೆ ಬಗ್ಗೆಯೂ ಅಷ್ಟೇ ಕಾಳಜಿಯಿಂದ ಯೋಚಿಸಬೇಕು. ಮಳೆ ಬಂದರೆ ಲೋಡ್ ಗಾಡಿ ಸಿಕ್ಕಿಕೊಳ್ಳುವ ರಸ್ತೆಗಳನ್ನು ಸರಿಮಾಡಬೇಕು. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಶುರುವಾದ, ಅಚ್ಚು ಮಾಡುವ ಕೆಲಸ ಕಲಿಸುವ ನಮ್ಮ ಸರ್ಕಾರಿ ಜಿಟಿಟಿಸಿ ಇದೆಯಲ್ಲ, ಅಂಥ ಟೂಲ್ ರೂಮ್‌ಗಳ ಬಾಗಿಲು ನನ್ನಂಥ ಸಣ್ಣವರಿಗೆ ಸಂಜೆ ಹೊತ್ತು, ಭಾನುವಾರ ತೆರೆದಿರಬೇಕು. ಎಂಜಿನಿಯರಿಂಗ್ ಕಾಲೇಜಿನವರು ಮಕ್ಕಳನ್ನು ಒಂದು ತಿಂಗಳಾದರೂ ಶೆಡ್‌ಗೆ ಕಳಿಸಲಿ. ಸುಮ್ನೆ ಸರ್ಟಿಫಿಕೇಟ್‌ಗೆ ಬೇಡ, ಕೈ ಕಪ್ಪಾಗುವ ಹಾಗೆ.

ಹೋದ ವಾರ ಹೊಸ ಡಬ್ಬಿಯ ಡ್ರಾಯಿಂಗ್ ಹಿಡಿದು ಅಣ್ಣನ ಹತ್ತಿರ ಹೋಗಿದ್ದೆ. ಮಾರ್ಚಿಗೆ ಬಾಡಿಗೆ ಕರಾರು ಮುಗಿಯುತ್ತದಂತೆ. ಓನರ್ ಗೋಡೌನ್‌ಗೆ ಕೊಡುವ ಯೋಚನೆಯಲ್ಲಿದ್ದಾರಂತೆ. ಅದನ್ನು ಹೇಳಿ ಅವರು ಡ್ರಾಯಿಂಗನ್ನು ತಾವು ನೋಡದೆ, ಮೂಲೆಯಲ್ಲಿ ಮೋಲ್ಡಿಗೆ ಪಾಲಿಶ್ ಹಾಕುತ್ತಿದ್ದ ಹುಡುಗಿಗೆ ಕೊಟ್ಟರು. ಶಿರಾ ಕಡೆಯವಳು, ಜಿಟಿಟಿಸಿಯಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಓದಿ ಬಂದಿದ್ದಾಳೆ. ಕೈ ಒರೆಸಿಕೊಂಡು ಹಾಳೆಯನ್ನು ಬೆಳಕಿಗೆ ಹಿಡಿದಳು.

"ಟೇಪರ್ ಸರಿ ಇದೆ ಸಾರ್. ಆದ್ರೆ ಈ ಕ್ಲಿಪ್ ಕೆಳಗಡೆ ಮೋಲ್ಡಲ್ಲಿ ಪಕ್ಕಕ್ಕೆ ಸರಿಯೋ ಸ್ಲೈಡರ್ ಬೇಕಾಗತ್ತೆ, ಖರ್ಚು ಜಾಸ್ತಿ. ಇಲ್ಲೊಂದು ಕಿಂಡಿ ಬಿಟ್ರೆ ಅದೂ ಬೇಡ."

ಅಣ್ಣ ನನ್ನ ಮುಖ ನೋಡಿದರು. ನಾನು ಅಲ್ಲೇ ಸ್ಟೂಲ್ ಎಳೆದುಕೊಂಡು ಕೂತು, ಪೆನ್ಸಿಲಿನಲ್ಲಿ ಕಿಂಡಿ ಬರೆದೆ.