ಸ್ಲೀವ್ ಕಾರ್: ಹೆಸರು ಕಲ್ಲುಗುಪ್ಪೆಯಿಂದ ಬಂದದ್ದಲ್ಲ

ತುದಿಯ ಕಲ್ಲುಗುಪ್ಪೆಯಿಂದಲೇ ಐರ್ಲೆಂಡಿನ ಮೇಯೋ ಕೌಂಟಿಯ ಸ್ಲೀವ್ ಕಾರ್ ಬೆಟ್ಟಕ್ಕೆ ಆ ಹೆಸರು ಬಂತು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ನಾನು ಒಪ್ಪಲಾರೆ. ಐರಿಷ್‌ನಲ್ಲಿ ಅದು ಕೋರ್‌ಹ್ಲೀವ್. ‘ಶ್ಲೀವ್’ (ಸಮಾಸದಲ್ಲಿ ‘ಹ್ಲೀವ್’) ಅಂದರೆ ಬೆಟ್ಟ, ‘ಕೋರ್’ ಅಂದರೆ ಮೊನಚಾದದ್ದು, ಮುಂಚಾಚಿದ್ದು (ಕೊಕ್ಕರೆಗೂ ಅದೇ ಪದ!). ಕಲ್ಲುಗುಪ್ಪೆಯ ‘ಕಾರ್ನ್’ ಬೇರೆಯೇ ಪದ. ಅಲ್ಲದೆ ಆ ಗುಪ್ಪೆಗೆ ಅದರದೇ ಹೆಸರಿದೆ: ಲಾಖ್ತ್ ದಾಹಿ ಬಾನ್, ಅಂದರೆ ‘ಬಿಳಿಯ ದಾಹಿ’ ಎಂಬವನ ಸಮಾಧಿಗುಪ್ಪೆ. 1830ರ ದಶಕದಲ್ಲಿ ನಕ್ಷೆ ತಯಾರಿಸಿದ ಸರ್ವೆಯವರು ಐರಿಷ್ ಹೆಸರುಗಳನ್ನು ಇಂಗ್ಲಿಷ್ ಕಾಗುಣಿತಕ್ಕೆ ಇಳಿಸಿದಾಗ ಇಂಥ ಎಷ್ಟೋ ಅರ್ಥಗಳು ಮಸುಕಾದವು.

ಅಲ್ಲಿನ ಏಕಾಂತದ ಬಗ್ಗೆ ಬರೆದದ್ದು ಮಾತ್ರ ಅಕ್ಷರಶಃ ನಿಜ. ಲೆಟರ್‌ಕೀನ್ ಕಡೆಯಿಂದ ನಾನೂ ಹತ್ತಿದ್ದೇನೆ. 721 ಮೀಟರ್ ದೊಡ್ಡ ಎತ್ತರವೇನಲ್ಲ, ಸುಸ್ತು ಮಾಡುವುದು ಜೌಗು: ಕಾಲಿಟ್ಟಲ್ಲೆಲ್ಲ ಕಪ್ಪು ನೀರು ಜಿನುಗುತ್ತದೆ, ಬೂಟು ಕೀಳುವಷ್ಟರಲ್ಲಿ ಇನ್ನೊಂದು ಕಾಲು ಹೂತಿರುತ್ತದೆ. ಆ ಗುಪ್ಪೆಯ ಮರೆಯಲ್ಲಿ ಗಾಳಿಗೆ ಬೆನ್ನುಕೊಟ್ಟು ಅರ್ಧ ಗಂಟೆ ಕೂತಿದ್ದೆ, ಹತ್ತಿರದಲ್ಲೆಲ್ಲೂ ಒಂದು ಮನೆಯೂ ಕಾಣಲಿಲ್ಲ. ದಯವಿಟ್ಟು ಲೇಖನದಲ್ಲಿ ಐರಿಷ್ ಹೆಸರನ್ನೂ ಸೇರಿಸಿ.