ಮೇಲ್‌ಗೂ ಮೆಗಾ ಬ್ಲಾಕ್

ಸರ್ವರ್‌ಗಳಲ್ಲಿ ಎರಡು ಜಾತಿ. 'ಕನೆಕ್ಷನ್ ರೆಫ್ಯೂಸ್ಡ್' ಅಂತ ಮುಖಕ್ಕೇ ಹೇಳುವುದು ಒಂದು. ಅಲ್ಲಿಯವರೆಗೆ ತಲುಪಿದ್ದೀರಿ, ಆದರೆ ಆ ಪೋರ್ಟ್‌ನಲ್ಲಿ, ಅಂದರೆ ಒಂದೊಂದು ಕೆಲಸಕ್ಕೆ ಒಂದೊಂದು ನಂಬರು ಹಾಕಿಟ್ಟ ಬಾಗಿಲಿನಲ್ಲಿ, ನಿಮ್ಮ ಮಾತು ಕೇಳುವವರು ಯಾರೂ ಇಲ್ಲ ಅಂತ ಸಾಮಾನ್ಯವಾಗಿ ಅದರ ಅರ್ಥ. ಇನ್ನೊಂದು ಹೂಂ ಅನ್ನುವುದಿಲ್ಲ, ಉಹೂಂ ಅನ್ನುವುದಿಲ್ಲ. ಸುಮ್ನೆ ಕಾಯಿಸಿ ಕಾಯಿಸಿ ಕಡೆಗೆ 'ಟೈಮ್ಡ್ ಔಟ್'. ನನಗೆ ಮೊದಲನೆಯದರ ಮೇಲೇ ಗೌರವ ಜಾಸ್ತಿ.

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಕನ್ನಡ ಸಂಘಕ್ಕೆ ಗಂಟುಬಿದ್ದದ್ದು ಎರಡನೆಯದು. ತಾಳಮದ್ದಳೆಯ ಆಮಂತ್ರಣ ಸದಸ್ಯರಿಗೆಲ್ಲ ತಾನಾಗಿ ಹೋಗಲಿ ಅಂತ ಹಿಂದೊಬ್ಬ ಹುಡುಗ ಪೈಥಾನ್‌ನಲ್ಲಿ ಕೋಡ್ ಬರೆದಿಟ್ಟು, ಪುಣೆಯಲ್ಲಿ ಕೆಲಸ ಸಿಕ್ಕಿ ಹೋಗಿಬಿಟ್ಟಿದ್ದ. ಆಗ ಅದು ಚೆನ್ನಾಗಿಯೇ ಓಡುತ್ತಿತ್ತು. ಕೊರೋನಾ ಬಂದು ಕಾರ್ಯಕ್ರಮ ನಿಂತಿತು. ಎಷ್ಟೋ ಕಾಲದ ಮೇಲೆ ಮತ್ತೆ ಶುರು ಮಾಡುವಾಗ ಸಂಘಕ್ಕೆ ಹೊಸ ಕೋಣೆ, ಕೋಣೆಗೆ ಹೊಸ ಇಂಟರ್‌ನೆಟ್. ಮೇಲ್ ಮಾತ್ರ ಹೊರಡಲಿಲ್ಲ. ಕಂಪ್ಯೂಟರ್ ಕೆಲಸದವರು ಅಂತ ನನ್ನನ್ನು ಕರೆದರು.

"ಇವತ್ತು ಆದಿತ್ಯವಾರ ಅಲ್ವಾ ಮಾರಾಯ್ರೇ, ಮೆಗಾ ಬ್ಲಾಕ್ ಇರ್ಬೇಕು" ಅಂದರು ಕಾರ್ಯದರ್ಶಿ ಶೆಟ್ಟರು.

ಆದಿತ್ಯವಾರ ರಿಪೇರಿಗೆ ಅಂತ ಲೋಕಲ್ ರೈಲಿನ ಲೈನ್ ಮುಚ್ಚುವುದಕ್ಕೆ ಮುಂಬೈಯಲ್ಲಿ ಮೆಗಾ ಬ್ಲಾಕ್ ಅನ್ನುತ್ತಾರೆ. ನಕ್ಕೆ. ಆಮೇಲೆ ನೋಡಿದರೆ ಶೆಟ್ಟರ ಮಾತೇ ಸರಿ! ಕೋಡ್ ಹೊರಟಿದ್ದು 25ನೇ ಪೋರ್ಟ್‌ಗೆ. ಮೇಲ್ ಸಾಗಿಸುವ ಎಸ್‌ಎಂಟಿಪಿಗೆ 1982ರಿಂದಲೂ ಅದೇ ದಾರಿ. ವೈರಸ್ ಹೊಕ್ಕ ಮನೆ ಕಂಪ್ಯೂಟರ್‌ಗಳು ಆ ದಾರಿಯಲ್ಲೇ ರಾಶಿ ರಾಶಿ ಸ್ಪ್ಯಾಮ್ ಬಿಡುತ್ತವೆ. ಹಾಗಾಗಿ ಎಷ್ಟೋ ಇಂಟರ್‌ನೆಟ್ ಕಂಪನಿಗಳು ಅದನ್ನು ಮುಚ್ಚಿಬಿಡುತ್ತವೆ. ನಮ್ಮ ಹೊಸ ಕಂಪನಿಯೂ ಮುಚ್ಚಿತ್ತು. ಹೇಳಿರಲಿಲ್ಲ ಅಷ್ಟೇ. ರೈಲ್ವೆಯವರಾದರೂ ಹಿಂದಿನ ದಿನವೇ ಹೇಳುತ್ತಾರೆ.

"ಮಾಟುಂಗಾ–ಮುಲುಂಡ್ ಸ್ಲೋ ಲೈನ್ ಬಂದ್ ಆದ್ರೆ ಗಾಡಿನ ಫಾಸ್ಟ್ ಲೈನಿಗೆ ಹಾಕ್ತಾರಲ್ಲ? ಹಾಗೇ ಮಾಡಿ" ಅಂದರು ಶೆಟ್ಟರು.

ಹಾಗೇ ಮಾಡಿದೆ. 587 ಅಂತ ಇನ್ನೊಂದು ಪೋರ್ಟ್ ಇರುವುದೇ ನಮ್ಮಂಥವರು ಮೇಲ್ ಒಪ್ಪಿಸಲಿಕ್ಕೆ. ಸರ್ವರ್ ಮಾತಾಡುತ್ತದಾ ಅಂತ ನೋಡಲು ಟೆಲ್ನೆಟ್ ಹಾಕಿದ ತಕ್ಷಣ 220 ಅಂತ ಉತ್ತರ ಬಂತು. ಅಂದರೆ ಸರ್ವರ್ ಸಿದ್ಧ. ಶೆಟ್ಟರು ಹಿಂದಿನಿಂದ ಬಗ್ಗಿ ನೋಡಿ, "ವೋಲ್ಟೇಜ್ ಸರಿ ಉಂಟು" ಅಂದರು.

ನಾನು ಚಾ ಕುಡಿದು ಬರುವಷ್ಟರಲ್ಲಿ ಅವರ ತಂಗಿಯ ಮಗ, ಎಂಜಿನಿಯರಿಂಗ್ ಎರಡನೇ ವರ್ಷದವನು, ಕೋಡ್‌ಗೆ ಕೈ ಹಾಕಿದ್ದ. ಭದ್ರವಾಗಿರಲಿ ಅಂತ ಶುರುವಿನಿಂದಲೇ ಎಸ್‌ಎಸ್‌ಎಲ್, ಅಂದರೆ ಮಾತನ್ನು ಗುಟ್ಟಾಗಿಸುವ ವ್ಯವಸ್ಥೆ, ಸೇರಿಸಿದ್ದ. 465ನೇ ಪೋರ್ಟ್‌ಗಾದರೆ ಅದು ಸರಿ. 587ರಲ್ಲಿ ಮೊದಲು ಬಯಲಲ್ಲೇ ಮಾತು, 'ಸ್ಟಾರ್ಟ್‌ಟಿಎಲ್‌ಎಸ್' ಅಂದ ಮೇಲೇ ಗುಟ್ಟು. ಬಂದ ಎರರ್: 'ರಾಂಗ್ ವರ್ಷನ್ ನಂಬರ್'. ಇದನ್ನು ಬರೆದವರನ್ನು ಒಂದು ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಬೇಕು. ಸರ್ವರ್ ಕಳಿಸಿದ ಸಾದಾ ಅಕ್ಷರಗಳನ್ನೇ ವರ್ಷನ್ ಅಂತ ಓದಿಕೊಂಡು ಗಾಬರಿಯಾಗುವ ಎರರ್ ಇದು. ಹುಡುಗ ಪಾಪ ಅದನ್ನು ನಂಬಿದ. ಪೈಥಾನ್ ಅಪ್‌ಡೇಟ್ ಮಾಡಿದ. ಸಾಲದು ಅಂತ ವಿಂಡೋಸನ್ನೂ ಅಪ್‌ಡೇಟ್‌ಗೆ ಹಚ್ಚಿದ. ಇನ್ನೊಂದು ಸುತ್ತು ಚಾ ಬಂತು.

ಅದು ಮುಗಿದ ಮೇಲೆ ಕೋಡ್ ಸರಿಮಾಡಿ ಓಡಿಸಿದರೆ ಎರರ್ 535. ಪಾಸ್‌ವರ್ಡ್ ನಡೆಯುವುದಿಲ್ಲ. ಕೋಡ್‌ನಲ್ಲಿ ಬರೀ ಮಾಮೂಲಿ ಪಾಸ್‌ವರ್ಡ್ ಇಟ್ಟು ಜಿಮೇಲ್‌ಗೆ ಹೊಕ್ಕುವುದನ್ನು 2022ರ ಮೇ 30ರಿಂದ ನಿಲ್ಲಿಸಿದ್ದಾರೆ. ಇಂಥ ಕೋಡ್‌ಗೆಂದೇ ಬೇರೆಯಾಗಿ ಕೊಡುವ 16 ಅಕ್ಷರಗಳ ಆಪ್ ಪಾಸ್‌ವರ್ಡ್ ಬೇಕು. ಅದನ್ನು ಪಡೆಯಲು ಖಾತೆಯೊಳಗೆ ಹೋಗಬೇಕು, ಒಳಗೆ ಹೋಗಲು ಒಟಿಪಿ ಬೇಕು. ಒಟಿಪಿ ಹೋಗುವುದು ಹಳೆ ಕಾರ್ಯದರ್ಶಿಗಳ ಫೋನಿಗೆ. ಅವರೋ, ಊರಿಗೆ ಹೊರಟು ಮಂಗಳೂರು ಗಾಡಿಯಲ್ಲಿ ಕೂತಿದ್ದಾರೆ.

ಕೊಂಕಣ ರೈಲಿನ ದಾರಿಯಲ್ಲಿ ಸುರಂಗಗಳು 90ಕ್ಕೂ ಹೆಚ್ಚು. "ಹಾಂ, ಬರ್ಕೊಳ್ಳಿ, ನಾಲ್ಕು, ಎಂಟು..." ಸುರಂಗ. "ಕೇಳ್ತದಾ? ಎಂಟು ಆದ್ಮೇಲೆ..." ಸುರಂಗ. ಕರ್ಬುಡೆಯದ್ದೊಂದೇ 6.5 ಕಿ.ಮೀ. ಅವರು ಅದರಿಂದ ಹೊರಬರುವಷ್ಟರಲ್ಲಿ ನಾವು ಹೊಸ ಒಟಿಪಿ ಕೇಳಿದ್ದೆವು, ಅವರು ಹಳೆಯದನ್ನೇ ಓದುತ್ತಿದ್ದರು. ರತ್ನಾಗಿರಿಯಲ್ಲಿ ಗಾಡಿ ನಿಂತಾಗಲೇ ಪೂರ್ತಿ ಸಂಖ್ಯೆ ಕೈಗೆ ಬಂದದ್ದು.

ಮೇಲ್‌ಗಳೆಲ್ಲ ಹೋದವು. ಶೆಟ್ಟರು ಸದಸ್ಯರ ಪಟ್ಟಿ ಹಿಡಿದು ಒಬ್ಬೊಬ್ಬರಿಗೂ ಫೋನ್ ಮಾಡತೊಡಗಿದರು: "ನಮಸ್ಕಾರ, ತಾಳಮದ್ದಳೆಯ ಮೇಲ್ ಹಾಕಿದ್ದೇವೆ, ನೋಡಿ." ಆ ಕಡೆಯವರು ಯಾವ ದಿನ, ಯಾವ ಪ್ರಸಂಗ, ಅರ್ಥಧಾರಿಗಳು ಯಾರು ಅಂತ ಕೇಳಿರಬೇಕು.

"ಅದೆಲ್ಲ ಮೇಲ್‌ನಲ್ಲಿ ಉಂಟು" ಅಂತ ಶೆಟ್ಟರು ಫೋನ್ ಇಟ್ಟರು.