ಏಳು ಪದರ ಪೇಂಟು

ನನ್ನ ಅಕ್ಕನ ಮಗ ಸಮಾಜಸೇವೆ ಮಾಡಿ ಬಂದಿದ್ದಾನೆ. ಇಲ್ಲೆಲ್ಲೋ ಅಲ್ಲ, ಕಾಂಬೋಡಿಯಾದಲ್ಲಿ. ಹದಿನಾಲ್ಕು ದಿನದ ಸೇವೆಗೆ 1,40,000 ರೂಪಾಯಿ. ವಿಮಾನದ ಟಿಕೆಟ್ ಬೇರೆ. ಒಂದು ಟೀ ಶರ್ಟು ಮತ್ತು ಅಂಕೋರ್ ವಾಟ್ ದೇವಸ್ಥಾನದಲ್ಲಿ ಸೂರ್ಯೋದಯ ಆ ದುಡ್ಡಲ್ಲೇ ಸೇರಿದೆಯಂತೆ. ಸೇವೆ ಮಾಡುವುದಕ್ಕೂ ನಾವೇ ದುಡ್ಡು ಕೊಡಬೇಕಾ ಅಂತ ಅಕ್ಕ ಕೇಳಿದ್ದಕ್ಕೆ, "ಮಧೂರು ಗಣಪತಿ ದೇವಸ್ಥಾನದಲ್ಲಿ ಅಪ್ಪ ಸೇವೆಗೆ ರಶೀದಿ ಮಾಡಿಸುವುದಿಲ್ವಾ ಅಮ್ಮ, ಇದೂ ಹಾಗೇ" ಅಂದನಂತೆ. ಅಕ್ಕ ಸುಮ್ಮನಾದಳು. ಮಧೂರಿನಲ್ಲಾದರೆ ಕೊನೆಗೆ ತಿನ್ನಲಿಕ್ಕೆ ಅಪ್ಪದ ಪ್ರಸಾದವಾದರೂ ಸಿಗ್ತದೆ ಅಂತ ನನಗೆ ಹೊಳೆದದ್ದು ಅವನು ವಿಮಾನ ಹತ್ತಿದ ಮೇಲೆ.

ಹುಡುಗ ದಡ್ಡನಲ್ಲ. ಸಿಎ ಮುಗಿಸಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಸುಳ್ಳು ಬಿಲ್ಲನ್ನು ಮೂಸಿಯೇ ಹೇಳುತ್ತಾನೆ. ಹಲ್ಲುಜ್ಜುವುದು ಬಿಟ್ಟರೆ ಜೀವಮಾನದಲ್ಲಿ ಬ್ರಷ್ ಹಿಡಿದವನಲ್ಲ. ಈಗ ಹೊರದೇಶದಲ್ಲಿ ಎಂಬಿಎ ಮಾಡಬೇಕಂತೆ, ಅರ್ಜಿಯಲ್ಲಿ "ನೀವು ಸಮಾಜಕ್ಕೆ ಏನು ಮಾಡಿದ್ದೀರಿ" ಅಂತ ಒಂದು ಕಾಲಂ ಉಂಟಂತೆ. ಆ ಕಾಲಂ ತುಂಬಿಸಲಿಕ್ಕೆ ಇಷ್ಟು ದೂರ ಹೋದದ್ದು.

ಹೋದವನಿಗೆ ಅಲ್ಲಿ ಮೊದಲ ವಾರ ಕೊಟ್ಟ ಕೆಲಸ ಶಾಲೆಯ ಗೋಡೆಗೆ ಪೇಂಟು ಹೊಡೆಯುವುದು.

ಅಲ್ಲಿ ಒಂದು ಮೂಲೆಯಲ್ಲಿ ಪೇಂಟು ಎದ್ದಿತ್ತಂತೆ. ಇವನು ಆಡಿಟ್ ಬುದ್ಧಿಯವನಲ್ವಾ, ಉಗುರಿನಿಂದ ಕೆರೆದು ನೋಡಿದ. ಹಳದಿಯ ಕೆಳಗೆ ನೀಲಿ. ನೀಲಿಯ ಕೆಳಗೆ ಯಾವುದೋ ಆನೆಯ ಸೊಂಡಿಲು. ಅದರ ಕೆಳಗೆ ಹಸಿರು, ಮತ್ತೆ ಯಾರದ್ದೋ ಅಂಗೈಯ ಅಚ್ಚು, ಮತ್ತೆ ಗುಲಾಬಿ, ಅದರ ಕೆಳಗೆ ಇನ್ನೊಂದು ಹಳದಿ. ಒಟ್ಟು ಏಳು ಪದರ. ಬಂದ ಪ್ರತಿಯೊಂದು ತಂಡವೂ ಗೋಡೆ ಮಾಸಿದೆ ಅಂತ ಹೊಸದಾಗಿ ಕಂಡುಹಿಡಿದು, ಮರುಗಿ, ಪೇಂಟು ಹೊಡೆದು, ಅದರ ಎದುರು ನಿಂತು ಫೋಟೋ ತೆಗೆಸಿಕೊಂಡು ಹೋಗಿದೆ. ಮಾಡು ಮಾತ್ರ ಸೋರುತ್ತಲೇ ಇತ್ತಂತೆ. ಮಾಡಿನ ಮೇಲೆ ಹತ್ತಿದರೆ ಫೋಟೋದಲ್ಲಿ ಮುಖ ಕಾಣುವುದಿಲ್ಲ.

ಎರಡನೇ ವಾರ ಇಂಗ್ಲಿಷ್ ಪಾಠ. ಇವನಿಗೆ ಅಲ್ಲಿಯವರ ಖ್ಮೇರ್ ಭಾಷೆಯ ಒಂದಕ್ಷರ ಬಾರದು, ಮಕ್ಕಳಿಗೆ ಇವನ ಇಂಗ್ಲಿಷ್ ಅರ್ಥವಾಗದು. ಅವನು ಕಳಿಸಿದ ಫೋಟೋದಲ್ಲಿ ಹಿಂದಿನ ಕರಿಹಲಗೆಯ ಮೇಲೆ ಖ್ಮೇರ್ ಅಂಕಿಗಳಿದ್ದವು. ಎರಡು, ಮೂರು ಎಲ್ಲ ನಮ್ಮ ಕನ್ನಡದ ೨, ೩ರ ಹಾಗೇ ಕಾಣುತ್ತವೆ! ಅವರ ಲಿಪಿ, ನಮ್ಮ ಲಿಪಿ ಎರಡೂ ಹಳೆಯ ಬ್ರಾಹ್ಮಿಯ ಸಂತಾನ, ಅಷ್ಟು ನಂಟು ಉಂಟು. ಇವನು ಅದನ್ನು ಗಮನಿಸಿರಲೇ ಇಲ್ಲ, ಬೆನ್ನು ಹಾಕಿ ನಿಂತಿದ್ದ. ಮಕ್ಕಳಿಗೆ "ಮೈ ನೇಮ್ ಈಸ್" ಚೆನ್ನಾಗಿ ಬರುತ್ತಿತ್ತಂತೆ. ಎರಡು ವಾರಕ್ಕೊಬ್ಬ ಹೊಸ ಮೇಷ್ಟ್ರು ಬಂದು ಅಲ್ಲಿಂದಲೇ ಶುರುಮಾಡುವುದಲ್ವಾ, ಎರಡನೇ ಪಾಠ ಹೇಗಿರ್ತದೆ ಅಂತ ಪಾಪ ಆ ಮಕ್ಕಳು ಕಂಡೇ ಇಲ್ಲ. ಎಂಟು ವರ್ಷದ ಒಬ್ಬಳು ಹುಡುಗಿ ಪಾಠ ಮುಗಿದ ಕೂಡಲೇ ತಾನಾಗಿ ಬಂದು ಇವನ ತೊಡೆಯ ಮೇಲೆ ಕೂತು, ಕತ್ತು ಓರೆ ಮಾಡಿ, "ಫೋಟೋ" ಅಂದಳಂತೆ. ಅವಳಿಗೆ ಅವಳ ಡ್ಯೂಟಿ ಗೊತ್ತು.

ಇದನ್ನು ಕೇಳುವಾಗ ನನಗೆ ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ನೆನಪಾಯಿತು. ಕನ್ನಡ ಗೊತ್ತಿಲ್ಲದವರನ್ನು ಇಲ್ಲಿಗೆ ಮೇಷ್ಟ್ರಾಗಿ ಹಾಕುವುದು, ಮಕ್ಕಳೂ ತಂದೆತಾಯಿಗಳೂ ಗೇಟಿನ ಎದುರು ಕೂತು ಪ್ರತಿಭಟನೆ ಮಾಡುವುದು ನಮಗೆ ಮಳೆಗಾಲ ಬಂದಷ್ಟೇ ಮಾಮೂಲು. ಪಾಪ, ಬಂದ ಮೇಷ್ಟ್ರ ತಪ್ಪಲ್ಲ, ಆರ್ಡರ್ ಬಂದಲ್ಲಿಗೆ ಬಂದಿರುತ್ತಾರೆ. ಮಕ್ಕಳ ಭಾಷೆ ಗೊತ್ತಿಲ್ಲದೆ ಪಾಠ ಮಾಡಲಿಕ್ಕೆ ನನ್ನ ಅಳಿಯ ಒಂದೂಕಾಲು ಲಕ್ಷಕ್ಕಿಂತ ಜಾಸ್ತಿ ಕೊಟ್ಟ, ಇಲ್ಲಿ ಅದಕ್ಕೆ ಸರಕಾರವೇ ಸಂಬಳ ಕೊಡ್ತದೆ. ಇವರನ್ನೂ ಸ್ವಯಂಸೇವಕರು ಅಂತಲೇ ತಿಳಿದುಕೊಂಡರೆ ಸಿಟ್ಟು ಸ್ವಲ್ಪ ಇಳಿಯಬಹುದಿತ್ತು. ಆದರೆ ಇವರು ಹದಿನಾಲ್ಕು ದಿನಕ್ಕೆ ವಾಪಸ್ ಹೋಗುವುದಿಲ್ಲ.

ಇರಲಿ, ಕಾಂಬೋಡಿಯಾಕ್ಕೆ ಬರೋಣ. ಒಂದು ದಿನ ಅನಾಥಾಲಯಕ್ಕೂ ಕರೆದುಕೊಂಡು ಹೋಗಿದ್ದರಂತೆ. ಅಪ್ಪಿಕೊಳ್ಳುವ ಕಾರ್ಯಕ್ರಮ, ಮಧ್ಯಾಹ್ನ ಮೂರರಿಂದ ಐದು. ಇವನು ಅಪ್ಪಿಕೊಂಡಿದ್ದ ಅನಾಥನನ್ನು ನೋಡಲಿಕ್ಕೆ ನಾಲ್ಕು ಗಂಟೆಗೆ ಅವನ ಅಮ್ಮ ಬಂದಳು! ಒಂದು ಚೀಲ ಮಾವಿನಹಣ್ಣು ಹಿಡಿದುಕೊಂಡು. ನಂಬುವುದಿಲ್ಲ ಅಂದರೆ ಲೆಕ್ಕ ನೋಡಿ. ಲಕ್ಷಗಟ್ಟಲೆ ಜನರನ್ನು ಬಲಿ ತೆಗೆದುಕೊಂಡ ಖ್ಮೇರ್ ರೂಜ್ ಆಳ್ವಿಕೆ ಅಲ್ಲಿ ಮುಗಿದದ್ದು 1979ರಲ್ಲಿ, ಆಗ ಅನಾಥರಾದವರು ಈಗ ಅಜ್ಜ ಅಜ್ಜಿ ಆಗುವ ವಯಸ್ಸಿನವರು. ಆದರೂ 2005ರಲ್ಲಿ 154 ಇದ್ದ ಇಂಥ ಮಕ್ಕಳ ಮನೆಗಳು 2010ಕ್ಕಾಗುವಾಗ 269 ಆದವು, ಯುನಿಸೆಫ್‌ನವರು ನೋಡಿದರೆ ಅಲ್ಲಿರುವ ನಾಲ್ಕರಲ್ಲಿ ಸುಮಾರು ಮೂರು ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿದ್ದಾರೆ. ಮಕ್ಕಳಿಗೆ ಊಟ, ಇಂಗ್ಲಿಷ್ ಎರಡೂ ಸಿಗ್ತದೆ ಅಂದರೆ ಬಡವರು ನಂಬಿ ಬಿಟ್ಟು ಹೋಗುತ್ತಾರೆ. ಪ್ರವಾಸಿಗಳು ಹೆಚ್ಚಾದರು, ಅಪ್ಪಿಕೊಳ್ಳಲಿಕ್ಕೆ ಅನಾಥರು ಸಾಲದೆ ಬಂತು, ಅಷ್ಟೇ. ಆಸ್ಟ್ರೇಲಿಯಾದವರು 2018ರಲ್ಲಿ ಆಧುನಿಕ ಗುಲಾಮಗಿರಿಯ ವಿರುದ್ಧ ಕಾನೂನು ಮಾಡುವಾಗ ಈ ವ್ಯವಹಾರವೂ ಅದರ ಚರ್ಚೆಗೆ ಬಂತು. ನಮ್ಮ ಹುಡುಗ ಆ ಅಮ್ಮನ ಜೊತೆಗೂ ಒಂದು ಸೆಲ್ಫಿ ತೆಗೆದಿದ್ದಾನೆ.

ಈಗ ಒಂದು ವಿಷಯ ಹೇಳ್ತೇನೆ, ಅವನು ಇದನ್ನು ಯಾರಿಗೂ ಹೇಳಿಲ್ಲ, ನನಗೂ ಬಾಯಿ ತಪ್ಪಿ ಹೇಳಿದ್ದು. ಆ ಶಾಲೆ ನಡೆಸುವ ಊರಿನ ಸಂಸ್ಥೆಯಲ್ಲಿ ಒಬ್ಬರು ಹೆಂಗಸು ಇದ್ದರು. ಬಿಸ್ಕತ್ತಿನ ಡಬ್ಬಿಯಲ್ಲಿ ಎರಡು ವರ್ಷದ ಬಿಲ್ಲುಗಳನ್ನು ತುಂಬಿಸಿಟ್ಟುಕೊಂಡು, ದುಡ್ಡು ಕೊಡುವವರಿಗೆ ಲೆಕ್ಕ ಒಪ್ಪಿಸುವುದು ಹೇಗೆ ಅಂತ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಇವನು ಸಿಎ ಅಂತ ಗೊತ್ತಾದ ಕೂಡಲೇ ಅವರ ಕಣ್ಣು ಅರಳಿತಂತೆ. ಆಗ ಪ್ಯಾಕೇಜಿನ ಮೇಲ್ವಿಚಾರಕ ಓಡಿ ಬಂದು, "ಸರ್, ಇವತ್ತು ನಿಮಗೆ ಪೇಂಟಿಂಗ್" ಅಂದ. ರಾತ್ರಿ ಯಾರಿಗೂ ಗೊತ್ತಾಗದ ಹಾಗೆ ಹೋಗಿ ಎರಡು ಗಂಟೆ ಕೂತು ಎಕ್ಸೆಲ್‌ನಲ್ಲಿ ಎಲ್ಲ ಹಾಕಿಕೊಟ್ಟನಂತೆ. ಕಳ್ಳತನ ಮಾಡಿದವನ ಹಾಗೆ ಹೇಳಿದ. ಸರ್ಟಿಫಿಕೇಟಿನಲ್ಲಿ ಅದು ಇಲ್ಲ. ಪೇಂಟು ಉಂಟು, ಪಾಠ ಉಂಟು, "ಮಕ್ಕಳೊಂದಿಗೆ ಪ್ರೀತಿಯ ಒಡನಾಟ, 2 ಗಂಟೆ" ಅಂತಲೂ ಉಂಟು.

ನಾನು ಇರುವುದು ಕಾಸರಗೋಡಿನ ಎಣ್ಮಕಜೆ ಕಡೆ. ಇಲ್ಲಿ ಗೇರುತೋಟದ ಮೇಲೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು, ಊರವರು ನರಳಿದರು. ಅದು ನಿಂತ ಮೇಲೆ ಕ್ಯಾಮರಾಗಳು ಸುರಿದವು. ಹಾಗಾಗಿ ಫೋಟೋಕ್ಕೆ ಹೇಗೆ ಕೂರಬೇಕು ಅಂತ ಆ ಕಾಂಬೋಡಿಯಾದ ಹುಡುಗಿಗೆ ಗೊತ್ತಿದ್ದಷ್ಟೇ ನಮ್ಮವರಿಗೂ ಗೊತ್ತು. ನಮ್ಮ ಹತ್ತಿರದ ಒಂದು ಮನೆಯಲ್ಲಿ ಮಲಗಿದಲ್ಲೇ ಇರುವ ಮಗ ಇದ್ದಾನೆ, ಮೂವತ್ತು ದಾಟಿತು. ಬಂದವರು ಹಣ್ಣು, ಹೊದಿಕೆ ಕೊಟ್ಟು ಹೋಗುತ್ತಾರೆ. ಹೊದಿಕೆ ಹನ್ನೊಂದಾಗಿದೆ, ನಮ್ಮ ಸೆಕೆಗೆ! ಅವನ ಅಮ್ಮ ನನ್ನತ್ರ ಹೇಳಿದ್ದು ಒಂದೇ ಮಾತು: "ಅಣ್ಣಾ, ವಾರಕ್ಕೆ ಎರಡು ಗಂಟೆ ಯಾರಾದರೂ ಇವನ ಹತ್ತಿರ ಕೂತರೆ ನಾನು ರೇಷನ್ ತಂದು, ಬ್ಯಾಂಕಿಗೆ ಹೋಗಿ ಬರ್ತಿದ್ದೆ."

ಎಂಡೋಸಲ್ಫಾನ್‌ಗೆ ತುತ್ತಾದವರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಮೂರು ತಿಂಗಳೊಳಗೆ ಕೊಡಿ ಅಂತ ಸುಪ್ರೀಂ ಕೋರ್ಟು ಹೇಳಿದ್ದು 2017ರ ಜನವರಿಯಲ್ಲಿ. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ಕೇಳುವಾಗ 3,704 ಜನರಲ್ಲಿ ಸಿಕ್ಕಿದ್ದು ಎಂಟು ಮಂದಿಗೆ. ಹೀಗಿರುವಲ್ಲಿ ಅರ್ಜಿ, ಕಾಗದಪತ್ರ, ಲೆಕ್ಕ ಎಲ್ಲ ಸರಿಯಾಗಿ ನೋಡಿಕೊಳ್ಳುವವನೊಬ್ಬ ಇದ್ದರೆ ಹತ್ತು ಮನೆಗೆ ಉಪಕಾರ. ಹಾಗಾಗಿ ಮೊನ್ನೆ ಅಳಿಯನಿಗೆ ಹೇಳಿದೆ, "ಊರಿಗೆ ಬಂದಾಗ ಶನಿವಾರ ಎರಡು ಗಂಟೆ ಅಲ್ಲಿ ಕೂತುಕೊಳ್ಳು ಮಾರಾಯ, ಆ ಅಮ್ಮ ರೇಷನ್ ತರಲಿ. ಕೂತಲ್ಲೇ ಅವರ ಅರ್ಜಿಯೂ ನೋಡಿದ ಹಾಗಾಯ್ತು."

ಹುಡುಗ ಸ್ವಲ್ಪ ಹೊತ್ತು ಯೋಚಿಸಿದ. ಒಳ್ಳೆಯವನೇ.

"ಸರ್ಟಿಫಿಕೇಟ್ ಕೊಡ್ತಾರಾ ಮಾವ?"

"ಕೊಡದೆ ಎಂತ, ಪಂಚಾಯತಿನ ಸೀಲು ಹಾಕಿಯೇ ಕೊಡಿಸುವ. ಆದರೆ ಮಲಯಾಳದಲ್ಲಿ ಇರ್ತದೆ, ಅಡ್ಡಿಯಿಲ್ವಾ?"